ಬೆಂಗಳೂರಿಂದ ಕರಾವಳಿಗೆ ನಾಲ್ಕು ದಿನ, ಇಬ್ಬರೇ, ಸ್ವಂತ ಕಾರು: ದಾರಿ ಹೇಗೆ ಹಾಕೋದು?

ಬಯಲುಸೀಮೆ_ಜೋಡಿ

ಎಲ್ಲರಿಗೂ ನಮಸ್ಕಾರ. ಫೆಬ್ರುವರಿ ಕೊನೆಯ ವಾರ ನಾನು, ನಮ್ಮ ಯಜಮಾನ್ರು ಇಬ್ಬರೇ ಹೊರಡೋದು. ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನ್ಯುಯಲ್ ಗೇರು. ಇಬ್ಬರಿಗೂ ಡ್ರೈವಿಂಗ್ ಬರುತ್ತೆ, ಘಟ್ಟ ಇಳಿದ ಅಭ್ಯಾಸ ಕಡಿಮೆ. ಗುರುವಾರ ಬೆಳಿಗ್ಗೆ ಬಿಟ್ಟು ಭಾನುವಾರ ರಾತ್ರಿ ವಾಪಸ್. ಪಟ್ಟಿಯಲ್ಲಿ ಮಂಗಳೂರು, ಉಡುಪಿ, ಸೇಂಟ್ ಮೇರೀಸ್ ದ್ವೀಪ, ಕೊಲ್ಲೂರು, ಮರವಂತೆ, ಮುರುಡೇಶ್ವರ, ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವ್, ಯಾಣ, ಗೋಕರ್ಣ, ಕಾರವಾರ ಇವೆ. ಇಷ್ಟೂ ಆಗುತ್ತಾ? ಆಗಲ್ಲ ಅಂದ್ರೆ ಯಾವುದು ಬಿಡಬೇಕು?

ತುಳುನಾಡ್_ಸ್ಟೀರಿಂಗ್

ಅಕ್ಕ, ಆಗುವುದಿಲ್ಲ. ಪಟ್ಟಿ ಎಂಟು ದಿನದ್ದುಂಟು. ಲೆಕ್ಕ ನೋಡಿ.

ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ಮೇಲೆ ಮಂಗಳೂರಿಗೆ 350 ಕಿ.ಮೀ. ಉಡುಪಿಗೆ ಇನ್ನು 55–60. ಊಟ, ಚಾ, ಘಟ್ಟ ಎಲ್ಲ ಸೇರಿ ಒಂಬತ್ತು ತಾಸು ಇಟ್ಟುಕೊಳ್ಳಿ. ಮಂಗಳೂರಿನಿಂದ ಕಾರವಾರ ಹೆದ್ದಾರಿ 66ರಲ್ಲಿ 270 ಕಿ.ಮೀ. ಆಸುಪಾಸು. ಗೋಕರ್ಣದಿಂದ ಬೆಂಗಳೂರಿಗೆ ವಾಪಸ್ 480ರ ಮೇಲೆ. ಹೋಗಿ ಬರುವುದಕ್ಕೇ ಎರಡು ಪೂರ್ತಿ ದಿನ ಹೋಯಿತು. ಉಳಿದದ್ದು ಎರಡು ದಿನ. ಆ ಎರಡು ದಿನದಲ್ಲಿ ದಿನಕ್ಕೆ 100 ಕಿ.ಮೀ. ದಾಟಿದರೆ ಕಡಲು ಕಾಣುವುದು ಕಿಟಕಿಯಲ್ಲಿ ಮಾತ್ರ.

ಮುಖ್ಯವಾದ ಮಾತು: ದಕ್ಷಿಣದಿಂದ ಉತ್ತರಕ್ಕೆ ಹೋಗಿ, ಉಲ್ಟಾ ಬೇಡ. ಉತ್ತರಕ್ಕೆ ಹೋಗುವಾಗ ಸಮುದ್ರ ಎಡಗಡೆ, ನಿಮ್ಮ ಲೇನೂ ಎಡಗಡೆ. ಬೇಕಾದಲ್ಲಿ ಕಾರು ಬದಿಗೆ ಹಾಕಿ ಇಳಿಯಬಹುದು. ಗೋಕರ್ಣದಿಂದ ಕೆಳಗೆ ಬಂದರೆ ಪ್ರತಿ ಬೀಚಿಗೂ ಡಿವೈಡರ್ ತೆರವು ಹುಡುಕಿ ಯು ತಿರುಗಬೇಕು. ಈ ಹೆದ್ದಾರಿಯಲ್ಲಿ ಅಪಘಾತ ಆಗುವುದೇ ಆ ತೆರವುಗಳಲ್ಲಿ. ಮರವಂತೆಯಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ: ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ರಸ್ತೆ. ಕಡಲ ಬದಿಯ ಲೇನಿನಲ್ಲಿ ಇರುವವನಿಗೆ ರಸ್ತೆ ದಾಟುವ ಕೆಲಸವೇ ಇಲ್ಲ.

ಬಿಡಬೇಕಾದ್ದು ಕಾರವಾರ, ಯಾಣ, ಕೊಲ್ಲೂರು. ಮಂಗಳೂರು ಪೇಟೆಯನ್ನೂ ಈ ಸಲ ಬಿಡಿ, ಹಾದು ಹೋಗಿ.

ಅಘನಾಶಿನಿ_ತೀರ

ದಿಕ್ಕಿನ ಮಾತು ಒಪ್ಪಿದೆ. ಗುರುವಾರದ ಬದಲು ಬುಧವಾರ ಹೊರಡಲು ಆಗುವುದಾದರೆ ಹೊರಡಿ. ಮುರುಡೇಶ್ವರ, ಗೋಕರ್ಣ ಎರಡೂ ಕಡೆ ಶನಿವಾರದ ರೂಮಿನ ದರಕ್ಕೂ ಗುರುವಾರದ ದರಕ್ಕೂ ಅಜಗಜಾಂತರ. ಭಾನುವಾರ ಸಂಜೆ ತುಮಕೂರಿನಿಂದ ನೆಲಮಂಗಲದವರೆಗೆ ವಾಹನದ ಸಾಲು ಬೇರೆ. ಶನಿವಾರ ರಾತ್ರಿ ಮನೆ ಸೇರಿದರೆ ಭಾನುವಾರ ವಿಶ್ರಾಂತಿಗೂ ಸಿಗ್ತದೆ.

ಒಂದು ಆಯ್ಕೆ ನೀವೇ ಮಾಡಬೇಕು. ಸೇಂಟ್ ಮೇರೀಸ್ ಮತ್ತು ನೇತ್ರಾಣಿ ಎರಡೂ ಬೇಕು ಅಂದ್ರೆ ಗೋಕರ್ಣ ಬಿಡಿ. ಗೋಕರ್ಣ ಬೇಕೇ ಬೇಕು ಅಂದ್ರೆ ಆ ಎರಡರಲ್ಲಿ ಒಂದನ್ನು ಬಿಡಿ. ಗೋಕರ್ಣಕ್ಕೆ ಹೆದ್ದಾರಿಯ ಮಾದನಗೇರಿಯಲ್ಲಿ ಎಡಕ್ಕೆ ತಿರುಗಿ 10 ಕಿ.ಮೀ. ಒಳಗೆ ಹೋಗಬೇಕು. ದೇವಸ್ಥಾನ, ಓಂ ಬೀಚು, ಕುಡ್ಲೆ ಬೀಚು ಮೂರಕ್ಕೇ ಒಂದು ದಿನ ಬೇಕು. ಸಂಜೆ ಆರಕ್ಕೆ ಮುಟ್ಟಿ ಬೆಳಿಗ್ಗೆ ಆರಕ್ಕೆ ಬಿಡುವುದಾದರೆ ಗೋಕರ್ಣ ನೋಡಿದಂತೆ ಆಗೋದಿಲ್ಲ.

ಬಯಲುಸೀಮೆ_ಜೋಡಿ

ಬುಧವಾರಕ್ಕೆ ಬದಲಾಯಿಸಬಹುದು. ಗೋಕರ್ಣ ಬಿಡ್ತೀವಿ, ಇನ್ನೊಂದು ಸಲ ರೈಲಲ್ಲಿ ಹೋಗೋಣ ಅಂದ್ರು ಇವರು. ಹಾಗಾದ್ರೆ ಮೊದಲ ರಾತ್ರಿ ಉಡುಪಿ, ಎರಡು ಮತ್ತು ಮೂರನೇ ರಾತ್ರಿ ಮುರುಡೇಶ್ವರದ ಕಡೆ. ಸರೀನಾ? ಶಿರಾಡಿ ಇಳಿಯೋದರ ಬಗ್ಗೆ ಯಾರಾದ್ರೂ ವಿವರವಾಗಿ ಹೇಳಿ.

ಸ್ಪ್ಯಾನರ್_ಹತ್ತು

ಘಟ್ಟದ ಸೂತ್ರ ಹಳೆಯದು: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಶಿರಾಡಿಯಲ್ಲಿ ಆಗುಂಬೆಯ ಹಾಗೆ ಹದಿನಾಲ್ಕು ಕಡಿದಾದ ತಿರುವು ಇಲ್ಲ. ಇಳಿಜಾರು ನಿಧಾನದ್ದು, ಆದರೆ ಉದ್ದದ್ದು. ಅದಕ್ಕೇ ಜನ ಕ್ಲಚ್ಚಿಗೆ ಕಾಲಿಟ್ಟು ಬ್ರೇಕ್ ಮೇಲೇ ಇಳಿಯುತ್ತಾರೆ. ಮೂರನೇ ಗೇರಿನಲ್ಲಿ ಬಿಡಿ, ತಿರುವು ಬಿಗಿಯಾದರೆ ಎರಡಕ್ಕೆ ತನ್ನಿ. ಬ್ರೇಕನ್ನು ಹಗುರವಾಗಿ ಒತ್ತಿಹಿಡಿದುಕೊಂಡೇ ಇಳಿಯಬೇಡಿ. ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಆ ಬಿಟ್ಟ ಹೊತ್ತಿನಲ್ಲಿ ಡಿಸ್ಕ್ ತಣಿಯುತ್ತದೆ.

ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎನ್ನುವವರ ಮಾತು ಕೇಳಬೇಡಿ. ಈಗಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಇರಲು ಪೆಟ್ರೋಲ್ ಸುಡುತ್ತಲೇ ಇರುತ್ತದೆ, ಮೇಲಿಂದ ಎಂಜಿನ್ನಿನ ಹಿಡಿತವೂ ಇರುವುದಿಲ್ಲ.

ಸುಟ್ಟ ವಾಸನೆ ಬಂದರೆ, ಪೆಡಲ್ ಮೆತ್ತಗಾದಂತೆ ಅನಿಸಿದರೆ, ಸಮತಟ್ಟು ಜಾಗ ನೋಡಿ ನಿಲ್ಲಿಸಿ. ಮೊದಲನೇ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಕಾದ ಬ್ರೇಕಿಗೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ. ಅರ್ಧ ಗಂಟೆ ಬಿಟ್ಟರೆ ತಾನೇ ಸರಿಹೋಗುತ್ತದೆ.

ಹೊರಡುವ ಮುನ್ನ ನಾಲ್ಕು ಕೆಲಸ. ಟಯರ್ ಗಾಳಿಯನ್ನು ಬೆಳಿಗ್ಗೆ, ಕಾರು ಓಡುವ ಮೊದಲೇ ನೋಡಬೇಕು. ಅಳತೆ ಡ್ರೈವರ್ ಬಾಗಿಲಿನ ಕಂಬದ ಚೀಟಿಯಲ್ಲಿದೆ. ಬಿಸಿಲಲ್ಲಿ ಓಡಿದ ಮೇಲೆ ಮೂರು ನಾಲ್ಕು ಪಿಎಸ್ಐ ಏರುವುದು ಸಹಜ, ಹೆಚ್ಚಾಯಿತು ಎಂದು ಬಿಡಿಸಬೇಡಿ. ಕೂಲೆಂಟ್ ಮಟ್ಟವನ್ನು ಪ್ಲಾಸ್ಟಿಕ್ ಡಬ್ಬಿಯ ಗೆರೆಯಲ್ಲಿ ನೋಡಿ. ಎಂಜಿನ್ ಬಿಸಿ ಇದ್ದಾಗ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೇ ಹಾರುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕಿಂತ ಹಳೆಯದಾದರೆ ಬದಲಾಯಿಸಿ, ಅದು ತೇವ ಹೀರಿಕೊಂಡು ಘಟ್ಟದ ಬಿಸಿಗೆ ಬೇಗ ಕುದಿಯುತ್ತದೆ. ನಾಲ್ಕನೆಯದು ಸ್ಟೆಪ್ನಿಯ ಗಾಳಿ. ಅದನ್ನು ನೋಡುವವರು ಕಡಿಮೆ.

ತುಳುನಾಡ್_ಸ್ಟೀರಿಂಗ್

ಇದಕ್ಕೆ ಸೇರಿಸುವುದು: ಸಕಲೇಶಪುರದಲ್ಲೇ ಪೆಟ್ರೋಲ್, ಶೌಚಾಲಯ ಎರಡೂ ಮುಗಿಸಿ. ಘಟ್ಟದ ಬುಡದ ಗುಂಡ್ಯದವರೆಗೆ ಕಾಡು, ಮೊಬೈಲ್ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಅಗಲೀಕರಣದ ಕೆಲಸದಿಂದ ಎಲ್ಲಿ ಏಕಮುಖ, ಎಲ್ಲಿ ತಿರುವು ಎಂಬುದು ಬದಲಾಗುತ್ತಾ ಇರುತ್ತದೆ, ಹಾಗಾಗಿ ಹಗಲಲ್ಲೇ ಇಳಿಯಿರಿ. ಬೆಂಗಳೂರು ಬೆಳಿಗ್ಗೆ ಐದಕ್ಕೆ ಬಿಟ್ಟರೆ ಹತ್ತರ ಹೊತ್ತಿಗೆ ಘಟ್ಟದ ತಲೆಯಲ್ಲಿ ಇರುತ್ತೀರಿ.

ಬುಲೆಟ್ ಟ್ಯಾಂಕರಿನ (ಗ್ಯಾಸ್ ಸಾಗಿಸುವ ಉದ್ದದ ಲಾರಿ) ಹಿಂದೆ ಅಂಟಿಕೊಳ್ಳಬೇಡಿ. ತಿರುವಿನಲ್ಲಿ ಅದಕ್ಕೆ ಎರಡೂ ಲೇನು ಬೇಕು. ಓವರ್‌ಟೇಕ್ ಸಿಗದಿದ್ದರೆ ಹತ್ತು ನಿಮಿಷ ನಿಂತು ಚಾ ಕುಡಿದು ಹೊರಡಿ.

ಬಿ.ಸಿ. ರೋಡ್ ದಾಟಿದ ಮೇಲೆ ಬ್ರಹ್ಮರಕೂಟ್ಲು ಟೋಲ್. ಆಮೇಲೆ ಕರಾವಳಿಯಲ್ಲಿ ಹೆಜಮಾಡಿ, ಸಾಸ್ತಾನ, ಬೈಂದೂರು ಹತ್ತಿರದ ಶಿರೂರು ಸಿಗುತ್ತವೆ. ಹೊನ್ನಾವರ ದಾಟಿ ಕುಮಟಾ ಕಡೆ ಹೋದರೆ ಮಾತ್ರ ಹೊಳೆಗದ್ದೆ. ಸುರತ್ಕಲ್ ಟೋಲ್ 2022ರ ಕೊನೆಯಲ್ಲೇ ನಿಂತಿದೆ, ಹಳೇ ಲೆಕ್ಕ ಹಾಕಬೇಡಿ. ಫಾಸ್ಟ್ಯಾಗ್‌ನಲ್ಲಿ ಹಣ ಮೊದಲೇ ತುಂಬಿಸಿ. ಫಾಸ್ಟ್ಯಾಗ್‌ನ ವರ್ಷದ ಪಾಸ್ ಇದ್ದರೆ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ನಡೆಯುತ್ತದೆ, ಸ್ವಂತ ಬಿಳಿ ಬೋರ್ಡಿನ ಕಾರಿಗೆ ಮಾತ್ರ.

ಮೊದಲ ದಿನ ನಾಲ್ಕರ ಒಳಗೆ ಕಾಪು ಮುಟ್ಟಿದರೆ ದೀಪಸ್ತಂಭ ಹತ್ತಬಹುದು. 1901ರಲ್ಲಿ ಕಟ್ಟಿದ್ದು, ಬಂಡೆಯ ಮೇಲೆ ನಿಂತಿದೆ. ಸಂಜೆ ಸ್ವಲ್ಪ ಹೊತ್ತು ಮಾತ್ರ ಬಿಡುತ್ತಾರೆ. ಫೆಬ್ರುವರಿ ಕೊನೆಗೆ ಸೂರ್ಯ ಮುಳುಗುವುದು 6:35–6:40ಕ್ಕೆ. ಅಲ್ಲಿಂದ ಉಡುಪಿ ಅರ್ಧ ತಾಸು.

ಇವಿ_ಸವಾರ

ಇದೇ ದಾರಿಗೆ ಎಲೆಕ್ಟ್ರಿಕ್ ಕಾರಿನಲ್ಲಿ ಹೊರಡುವವರು ಓದುತ್ತಿದ್ದರೆ: ಸಕಲೇಶಪುರದಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಬೇಡಿ. ಬ್ಯಾಟರಿ ತುಂಬಿದ್ದರೆ ಇಳಿಜಾರಿನಲ್ಲಿ ವಾಪಸ್ ಬರುವ ಕರೆಂಟಿಗೆ ಜಾಗ ಇರುವುದಿಲ್ಲ, ಆಗ ಮೋಟಾರಿನ ಹಿಡಿತ ಕಡಿಮೆಯಾಗಿ ಎಲ್ಲ ಭಾರ ಬ್ರೇಕ್ ಪ್ಯಾಡಿನ ಮೇಲೆ ಬೀಳುತ್ತದೆ. 80ರ ಒಳಗೆ ಇಟ್ಟು ಇಳಿಯಿರಿ. ವಾಪಸ್ ಬರುವಾಗ ಲೆಕ್ಕ ತಿರುಗುಮುರುಗು: ಘಟ್ಟ ಹತ್ತುವ ಮುನ್ನ ಕೆಳಗೇ ತುಂಬಿಸಿಕೊಳ್ಳಬೇಕು.

ಕುಂದಾಪ್ರ_ಗಾಳಿ

ಎರಡನೇ ದಿನದ್ದು ನಾನು ಹೇಳ್ತೆ.

ಮಲ್ಪೆಗೆ ಬೆಳಿಗ್ಗೆ ಎಂಟೂವರೆಗೆ ಹೋಯಿನಿ. ದ್ವೀಪದ ದೋಣಿ ಜನ ತುಂಬಿದ ಮೇಲೇ ಬಿಡುವುದು, ಗುರುವಾರ ಸ್ವಲ್ಪ ಕಾಯಬೇಕಾದೀತು. ದಾಟಲು ಅರ್ಧ ಗಂಟೆಯ ಒಳಗೆ. ಇಳಿಯುವಾಗ ಮೊಣಕಾಲವರೆಗೆ ನೀರಾಗಬಹುದು: ಷೂ ಬೇಡ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ. ದ್ವೀಪದಲ್ಲಿ ನೆರಳು ತೀರಾ ಕಮ್ಮಿ, ಒಬ್ಬರಿಗೆ ಒಂದೊಂದು ಲೀಟರ್ ನೀರು ಇರಲಿ, ಬಾಟ್ಲಿ ವಾಪಸ್ ತನ್ನಿ. ಅಲ್ಲಿ ನೋಡಬೇಕಾದ್ದು ಕಲ್ಲು. ಸುಮಾರು 8.8 ಕೋಟಿ ವರ್ಷದ ಹಿಂದೆ ಭಾರತ, ಮಡಗಾಸ್ಕರ್ ಬೇರೆಯಾಗುವ ಕಾಲಕ್ಕೆ ಉಕ್ಕಿದ ಲಾವಾ ತಣಿದು ಕುಗ್ಗಿ, ಐದು ಮೂಲೆ ಆರು ಮೂಲೆಯ ಕಂಬಗಳಾಗಿ ಸೀಳಿಕೊಂಡಿದೆ. ಹತ್ತಿರ ಹೋಗಿ ಕಂಬದ ತಲೆಯ ಮೇಲೆ ಕೈ ಸವರಿ ನೋಡಿ, ಯಾರೋ ಉಳಿ ಹಿಡಿದು ಕಡಿದಿಟ್ಟ ಹಾಗೆ ಅಂಚು ಸಿಗುತ್ತದೆ. ಕೆಳಗೆ ನೀರು ತಾಗುವ ಕಲ್ಲಿಗೆ ಪಾಚಿ ಇರುತ್ತದೆ, ಅಲ್ಲಿ ಫೋಟೊಕ್ಕೆ ನಿಲ್ಲಬೇಡಿ. ಮೇ ನಡುವಿನಿಂದ ಮಳೆಗಾಲ ಮುಗಿಯುವವರೆಗೆ ದೋಣಿ ಬಂದ್.

ಹನ್ನೆರಡಕ್ಕೆ ವಾಪಸ್. ಹನ್ನೆರಡರಿಂದ ಮೂರೂವರೆವರೆಗೆ ಬಿಸಿಲಲ್ಲಿ ತಿರುಗುವ ಕೆಲಸ ಇಟ್ಟುಕೊಳ್ಳಬೇಡಿ. ನಮ್ಮಲ್ಲಿ 33 ಡಿಗ್ರಿ ಅಂದ್ರೆ ಬೆಂಗಳೂರಿನ 33 ಅಲ್ಲ, ಬೆವರು ಆರುವುದೇ ಇಲ್ಲ. ಉಡುಪಿಯ ಕೃಷ್ಣ ಮಠಕ್ಕೆ ಹೋಗುವುದಿದ್ದರೆ ಮಧ್ಯಾಹ್ನಕ್ಕೆ ಬಿಡದೆ ಬುಧವಾರ ರಾತ್ರಿಯೇ ಹೋಗಿ ಬನ್ನಿ. ಗಂಡಸರು ಒಳಗೆ ಅಂಗಿ ತೆಗೆಯಬೇಕು, ಶಾಲೊಂದು ಕಾರಲ್ಲಿ ಇರಲಿ.

ಊಟ ಮುಗಿಸಿ ಮೂರೂವರೆಗೆ ಹೊರಟರೆ ಕುಂದಾಪುರಕ್ಕೆ ಮುಕ್ಕಾಲು ಗಂಟೆ. ಚಾ ಕುಡಿದು ಐದರ ಹೊತ್ತಿಗೆ ಮರವಂತೆ. ಕತ್ತಲಾದ ಮೇಲೆ ಮುರುಡೇಶ್ವರ ಒಂದು ಗಂಟೆಯ ದಾರಿ.

ಮರವಂತೆಯಲ್ಲಿ ಈಜಬೇಡಿ. ದಡ ಕಡಿದು, ಎರಡು ಹೆಜ್ಜೆಗೇ ಆಳ ಸಿಗುತ್ತದೆ. ತಡೆಗೋಡೆಯ ಕಲ್ಲುಗಳ ನಡುವೆ ನೀರು ಎಳೆಯುತ್ತದೆ. ಕೂತು ನೋಡುವ ಜಾಗ ಅದು.

ಬೈಕ್_ಹಿಂದಿನ_ಸೀಟು

ಇದೇ ದಾರಿಯನ್ನು ಬೈಕಿನಲ್ಲಿ ಮಾಡುವ ಜೋಡಿಗಳಿಗೆ ಎರಡು ಎಚ್ಚರಿಕೆ. ಮಲ್ಪೆಯಂಥ ಬಂದರಿನ ಸುತ್ತ ಬೆಳಗಿನ ಹೊತ್ತು ಮೀನಿನ ಲಾರಿಗಳಿಂದ ನೀರು ಸೋರುತ್ತದೆ. ಬರೀ ನೀರಲ್ಲ, ಮೀನೆಣ್ಣೆ ಸೇರಿದ್ದು, ವೃತ್ತಗಳಲ್ಲಿ ಸಾಬೂನಿನ ಹಾಗೆ ಜಾರುತ್ತದೆ. ಲಾರಿಯ ಹಿಂದೆ ಹೋಗಬೇಡಿ, ಒದ್ದೆ ಗೆರೆಯ ಮೇಲೆ ಬಾಗಿಸಬೇಡಿ, ಮುಂದಿನ ಬ್ರೇಕ್ ಮುಟ್ಟಬೇಡಿ. ಇನ್ನೊಂದು, ಹೊನ್ನಾವರದ ಶರಾವತಿ ಸೇತುವೆಯಂಥ ಉದ್ದದ ಸೇತುವೆಗಳಲ್ಲಿ ಮಧ್ಯಾಹ್ನದ ಮೇಲೆ ಕಡಲಗಾಳಿ ಎಡದಿಂದ ಹೊಡೆಯುತ್ತದೆ. ಲಾರಿ ಪಕ್ಕದಲ್ಲಿ ಬಂದಾಗ ಗಾಳಿ ನಿಂತು, ಅದು ದಾಟಿದೊಡನೆ ಒಮ್ಮೆಲೇ ತಳ್ಳುತ್ತದೆ. ಹ್ಯಾಂಡಲ್ ಬಿಗಿ ಹಿಡಿಯದೆ ಮೊಣಕಾಲಿನಿಂದ ಟ್ಯಾಂಕ್ ಹಿಡಿಯಿರಿ. ಇಬ್ಬರು ಕೂತಾಗ ಹಿಂದಿನ ಟಯರಿನ ಗಾಳಿ ಬೇರೆ ಅಳತೆ, ಅದು ಚೈನ್ ಕವರ್ ಮೇಲೋ ಸ್ವಿಂಗ್‌ಆರ್ಮ್ ಮೇಲೋ ಬರೆದಿರುತ್ತದೆ.

ಬಯಲುಸೀಮೆ_ಜೋಡಿ

ತುಂಬಾ ಉಪಯೋಗ ಆಯ್ತು. ಮೂರನೇ ದಿನ ಶುಕ್ರವಾರ ಬೆಳಿಗ್ಗೆ ನೇತ್ರಾಣಿ. ಮಧ್ಯಾಹ್ನಕ್ಕೆ ಮುಗಿದ್ರೆ ಅವತ್ತೇ ಸಂಜೆ ಗೇರುಸೊಪ್ಪ ಘಟ್ಟ ಹತ್ತಿ ಸಾಗರ ದಾಟಿ ಶಿವಮೊಗ್ಗದಲ್ಲಿ ಉಳಿದ್ರೆ ಶನಿವಾರದ ಡ್ರೈವ್ ಕಡಿಮೆ ಆಗುತ್ತಲ್ವಾ? ನಮ್ಮಲ್ಲಿ ಒಬ್ಬರಿಗೆ ಈಜು ಬರಲ್ಲ.

ನೀರೊಳಗೆ_40

ದಯವಿಟ್ಟು ಹಾಗೆ ಮಾಡಬೇಡಿ. ಡೈವ್ ಮಾಡಿದ ದಿನ ಘಟ್ಟ ಹತ್ತಬಾರದು.

ಕಾರಣ ಹೇಳುತ್ತೇನೆ. ನೀರೊಳಗಿನ ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕ ರಕ್ತ, ಮಾಂಸದಲ್ಲಿ ಕರಗಿ ಕೂತಿರುತ್ತದೆ. ಮೇಲೆ ಬಂದ ಮೇಲೆ ನಿಧಾನವಾಗಿ, ತಾಸುಗಟ್ಟಲೆ ಉಸಿರಿನ ಮೂಲಕ ಹೊರಹೋಗುತ್ತದೆ. ಅದು ಹೋಗುವ ಮೊದಲೇ ಎತ್ತರಕ್ಕೆ ಏರಿದರೆ ಹೊರಗಿನ ಒತ್ತಡ ಕಡಿಮೆಯಾಗಿ ಸೋಡಾ ಬಾಟ್ಲಿ ತೆಗೆದ ಹಾಗೆ ಗುಳ್ಳೆ ಕಟ್ಟಬಹುದು. ಕೀಲುನೋವು, ಮರಗಟ್ಟುವಿಕೆ, ಇನ್ನೂ ಗಂಭೀರವಾದದ್ದೂ ಆಗಬಹುದು. ವಿಮಾನಕ್ಕೆ ಹೇಳುವ ನಿಯಮವೇ 600 ಮೀಟರ್ ಮೀರಿದ ಎತ್ತರಕ್ಕೂ ಅನ್ವಯ: ಒಂದೇ ಡೈವ್ ಆದರೆ ಕನಿಷ್ಠ 12 ತಾಸು, ಒಂದಕ್ಕಿಂತ ಹೆಚ್ಚಾದರೆ 18 ತಾಸು. ಶಿವಮೊಗ್ಗ ಆ ಗಡಿಗೆ ಸ್ವಲ್ಪ ಕೆಳಗೇ ಇದೆ, ಬೆಂಗಳೂರು 900 ಮೀಟರ್. ಎಲ್ಲೋ ಗಡಿಯಲ್ಲಿ ಲೆಕ್ಕ ಹಾಕುವುದಕ್ಕಿಂತ ಶುಕ್ರವಾರ ರಾತ್ರಿ ಕಡಲ ಮಟ್ಟದಲ್ಲೇ ಮಲಗಿ, ಶನಿವಾರ ಬೆಳಿಗ್ಗೆ ಆರೂವರೆಗೆ ಹೊರಡಿ. ಹದಿನೆಂಟು ತಾಸು ತಾನಾಗಿಯೇ ತುಂಬುತ್ತದೆ. ಡೈವ್ ಮೂರನೇ ದಿನವೇ ಇರಲಿ, ನಾಲ್ಕನೆಯದಕ್ಕೆ ಯಾವ ಕಾರಣಕ್ಕೂ ತಳ್ಳಬೇಡಿ.

ಈಜು ಬಾರದವರಿಗೂ ಮೊದಲ ಬಾರಿಯ ಡೈವ್ ಮಾಡಿಸುತ್ತಾರೆ, ತರಬೇತುದಾರ ಹಿಡಿದುಕೊಂಡೇ ಇರುತ್ತಾರೆ. ಆಳ 12 ಮೀಟರಿನ ಒಳಗೆ. ದ್ವೀಪ ಮುರುಡೇಶ್ವರದಿಂದ 19 ಕಿ.ಮೀ. ಸುಮಾರು, ದೋಣಿಗೆ ಒಂದರಿಂದ ಒಂದೂವರೆ ತಾಸು. ನೀರೊಳಗಿಗಿಂತ ಜನ ಸುಸ್ತಾಗುವುದು ಈ ದೋಣಿಯಲ್ಲಿ. ಬೆಳಿಗ್ಗೆ ಎರಡು ಇಡ್ಲಿ ಸಾಕು, ಖಾಲಿ ಹೊಟ್ಟೆಯೂ ಬೇಡ, ಎಣ್ಣೆಯ ತಿಂಡಿಯೂ ಬೇಡ. ವಾಂತಿ ತಡೆಯುವ ಮಾತ್ರೆ ವೈದ್ಯರನ್ನು ಕೇಳಿ, ದೋಣಿ ಹತ್ತುವ ಒಂದು ತಾಸು ಮೊದಲು ತೆಗೆದುಕೊಳ್ಳಬೇಕು. ತೊನೆದಾಟ ಶುರುವಾದ ಮೇಲೆ ನುಂಗಿದರೆ ಕೆಲಸ ಮಾಡುವುದಿಲ್ಲ. ಎಂಜಿನ್ ಹೊಗೆ ಬರುವ ಬದಿಗೆ ಕೂರಬೇಡಿ, ಮೊಬೈಲ್ ನೋಡಬೇಡಿ, ಕಣ್ಣು ದಿಗಂತದ ಮೇಲಿರಲಿ.

ಕಿವಿಯ ವಿಷಯ ಸರಿಯಾಗಿ ಓದಿ. ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲಗೆ ಊದಿದರೆ ಕಿವಿ ಟಪ್ ಎಂದು ತೆರೆಯುತ್ತದೆ. ಇದನ್ನು ನೋವು ಬರುವ ಮೊದಲೇ, ಅರ್ಧರ್ಧ ಮೀಟರಿಗೊಮ್ಮೆ ಮಾಡಬೇಕು. ನೋವು ಬಂದ ಮೇಲೆ ಜೋರಾಗಿ ಊದಬೇಡಿ. ಕೈಸನ್ನೆ ಮಾಡಿ ಒಂದು ಮೀಟರ್ ಮೇಲೆ ಬಂದು ಮತ್ತೆ ಮಾಡಿ. ನೆಗಡಿ, ಸೈನಸ್ ಇದ್ದರೆ ಆ ದಿನ ಇಳಿಯಲೇಬೇಡಿ. ಆಸ್ತಮಾ, ಹೃದಯದ ತೊಂದರೆ, ಕಿವಿ ಶಸ್ತ್ರಚಿಕಿತ್ಸೆ, ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಅರ್ಜಿಯಲ್ಲಿ ಮುಚ್ಚಿಡಬಾರದು. ಬುಕ್ ಮಾಡುವಾಗಲೇ ಮೂರು ಪ್ರಶ್ನೆ ಕೇಳಿ: ಒಬ್ಬ ತರಬೇತುದಾರನಿಗೆ ಎಷ್ಟು ಜನ, ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯೇ, ಕಡಲು ಸರಿಯಿಲ್ಲದೆ ರದ್ದಾದರೆ ಹಣ ವಾಪಸ್ಸೇ ಅಥವಾ ಬೇರೆ ದಿನವೇ. ಈ ಮೂರಕ್ಕೆ ತಡವರಿಸುವವರ ಹತ್ತಿರ ಹೋಗಬೇಡಿ, ದರ ಎಷ್ಟೇ ಕಡಿಮೆ ಇರಲಿ.

ಅಘನಾಶಿನಿ_ತೀರ

ಶುಕ್ರವಾರ ಮಧ್ಯಾಹ್ನ ದಡ ಮುಟ್ಟಿದ ಮೇಲೆ ಮಲಗಿ ಏಳಿ. ನಾಲ್ಕರ ಮೇಲೆ ಹೊನ್ನಾವರದ ಕಡೆ ಬನ್ನಿ, 27 ಕಿ.ಮೀ. ಅಷ್ಟೇ. ಕಾಸರಕೋಡು ಬೀಚಿಗೆ 2020ರಲ್ಲಿ ಪಡುಬಿದ್ರಿ ಜೊತೆಗೇ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದೆ. ಸ್ನಾನದ ಕೋಣೆ, ಶೌಚಾಲಯ, ಜೀವರಕ್ಷಕರು ಎಲ್ಲ ಅದೆ. ಅಲ್ಲೇ ಹತ್ತಿರ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆಯ ಕಾಲುದಾರಿ ಅದೆ, ಸೊಳ್ಳೆಗೆ ಮುಲಾಮು ಹಚ್ಚಿಕೊಂಡು ಹೋಗಿ.

ಮೂರನೇ ರಾತ್ರಿ ಮುರುಡೇಶ್ವರಕ್ಕೆ ವಾಪಸ್ ಹೋಗುವ ಬದಲು ಹೊನ್ನಾವರದಲ್ಲೇ ಉಳಿದರೆ ಬೆಳಿಗ್ಗೆ ಸೀದಾ ಗೇರುಸೊಪ್ಪ ದಾರಿ. ಅರ್ಧ ಗಂಟೆಗಿಂತ ಹೆಚ್ಚು ಉಳಿಯುತ್ತದೆ. ರೂಮಿಗೆ ಇಬ್ಬರದೂ ಗುರುತಿನ ಚೀಟಿ ಕೇಳುತ್ತಾರೆ, ಒಬ್ಬರದು ಸಾಲದು. ಸಣ್ಣ ಹೋಂಸ್ಟೇಗಳಲ್ಲಿ ರಾತ್ರಿಯ ಮೀನೂಟ ಬೇಕಾದರೆ ಮಧ್ಯಾಹ್ನದೊಳಗೆ ಫೋನ್ ಮಾಡಿ ಹೇಳಬೇಕು, ಅವರು ತರುವುದೇ ಲೆಕ್ಕದಷ್ಟು.

ಮುರುಡೇಶ್ವರದ ಬಗ್ಗೆ ಒಂದು ಮಾತು. 123 ಅಡಿಯ ಶಿವ, ಇಪ್ಪತ್ತು ಅಂತಸ್ತಿನ ರಾಜಗೋಪುರ ನೋಡುವುದಾದರೆ ಗುರುವಾರ ರಾತ್ರಿ ಮುಟ್ಟಿದಾಗ ದೀಪದಲ್ಲಿ ನೋಡಿ. ಗೋಪುರದ ಲಿಫ್ಟಿಗೆ ಹಗಲು ಸಾಲು ಉದ್ದ. ಬೀಚಿನಲ್ಲಿ ಜೀವರಕ್ಷಕರ ಮಾತು ಮೀರಬೇಡಿ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳು ಅಲ್ಲೇ ಮುಳುಗಿ ತೀರಿಕೊಂಡರು. ತೆರೆಗಳ ಸಾಲಿನ ನಡುವೆ ಒಂದು ಕಡೆ ಮಾತ್ರ ತೆರೆ ಒಡೆಯದೆ ನೀರು ಶಾಂತವಾಗಿ, ಕಂದಾಗಿ ಕಂಡರೆ ಅದೇ ಸೆಳೆತದ ಜಾಗ. ಹೊಸಬರು ಸುರಕ್ಷಿತ ಎಂದುಕೊಂಡು ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ಈಜಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಹೋಗಿ, ತೆರೆ ಒಡೆಯುವ ಕಡೆಯಿಂದ ಒಳಬರಬೇಕು. ಈಜು ಬಾರದವರು ಸೊಂಟ ದಾಟಿ ಹೋಗಲೇಬಾರದು.

ಕುಂದಾಪ್ರ_ಗಾಳಿ

ಊಟದ ಬಗ್ಗೆ ಯಾರೂ ಬರೆಯಲಿಲ್ಲ. ಮೀನೂಟ ಹನ್ನೆರಡೂವರೆಯಿಂದ ಎರಡೂವರೆ. ಮೂರಕ್ಕೆ ಹೋದರೆ ಉಳಿದದ್ದು ಸಿಗುತ್ತದೆ. ಕುಳಿತ ಕೂಡಲೇ "ಇವತ್ತು ಎಂತ ಫ್ರೆಶ್ ಬಂದಿದೆ?" ಅಂತ ಕೇಳಿ, ಆರ್ಡರ್ ಮಾಡುವ ಮೊದಲೇ ಆ ಮೀನಿನ ಇವತ್ತಿನ ರೇಟ್ ಕೇಳಿ. ಅಂಜಲ್ (ಸುರ್ಮಯಿ) ತುಂಡಿನ ಲೆಕ್ಕ, ಮಾಂಜಿ (ಪಾಂಫ್ರೆಟ್) ಗಾತ್ರದ ಲೆಕ್ಕ, ಮೆನುವಿನಲ್ಲಿ ದರ ಇರುವುದಿಲ್ಲ. ಇಡೀ ಮೀನು ತೋರಿಸಿದರೆ ಕಿವಿರು ಕೆಂಪಿದೆಯಾ, ಕಣ್ಣು ಉಬ್ಬಿ ಹೊಳೆಯುತ್ತಿದೆಯಾ ನೋಡಿ. ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು.

ಮುಳ್ಳು ಬಿಡಿಸಿ ಅಭ್ಯಾಸ ಇಲ್ಲದವರಿಗೆ ಕಾಣೆ (ಲೇಡಿಫಿಶ್) ಸುಲಭ. ನಡುವೆ ಒಂದೇ ಮುಳ್ಳು, ಬೆನ್ನ ಮೇಲೆ ಬೆರಳಿಟ್ಟು ಉದ್ದಕ್ಕೆ ಒತ್ತಿದರೆ ಎರಡು ಹೋಳಾಗಿ ಬಿಡುತ್ತದೆ. ರವಾ ಹಾಕಿದರೆ ಗರಿಗರಿ, ಮಸಾಲೆ ಹಾಕಿದರೆ ಹುಳಿಖಾರ. ಇಬ್ಬರಿಗೆ ಒಂದೊಂದು ಬಗೆ ತರಿಸಿ. ಬಂಗುಡೆ ಪುಳಿಮುಂಚಿಗೆ ನೀರುದೋಸೆ, ಕೋಳಿ ತುಪ್ಪದ ರೋಸ್ಟಿಗೂ ಅದೇ. ಸಸ್ಯಾಹಾರಿಗಳಾದರೆ ಉಡುಪಿಯಲ್ಲಿ ಗೋಳಿಬಜೆ, ಬನ್ಸ್ ಬೆಳಿಗ್ಗೆ ಎಂಟರ ಒಳಗೆ ಬಿಸಿ. ಭಟ್ಕಳದ ಬಿರಿಯಾನಿ ಬೇರೆಯೇ ರುಚಿ. ಅದರ ಮಸಾಲೆಯಲ್ಲಿ ಈರುಳ್ಳಿಯೇ ಮುಖ್ಯ, ಅನ್ನ ಬೇರೆ ಬೇಯಿಸಿ ಪದರ ಹಾಕುವುದು. ಶುಕ್ರವಾರ ನಮಾಜಿನ ಹೊತ್ತು ಅಲ್ಲಿ ಅಂಗಡಿ ಮುಚ್ಚಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ ಎರಡು ತಿಂಗಳು ಹೊಟೇಲಿನ ಮೀನು ಹೆಚ್ಚಾಗಿ ಐಸಿನದ್ದು.

ಬೊಂಡ (ಎಳನೀರು) ಎಲ್ಲಿ ಕಂಡರೂ ಕುಡಿಯಿರಿ. ತಲೆ ಸುತ್ತು, ಸ್ನಾಯು ಸೆಳೆತ ಶುರುವಾದರೆ ಬರೀ ನೀರು ಸಾಲದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟಸವಾಗಿರಲಿ, ಉಪ್ಪು ಜಾಸ್ತಿಯಾದರೆ ಕೆಡುಕು.

ಬಯಲುಸೀಮೆ_ಜೋಡಿ

ಕಾರನ್ನ ಬೀಚಿನ ಹತ್ತಿರ ಎಲ್ಲಿವರೆಗೆ ತಗೊಂಡು ಹೋಗಬಹುದು? ಮರಳಲ್ಲಿ ಸಿಕ್ಕಿಕೊಂಡ್ರೆ ಏನು ಮಾಡಬೇಕು?

ಸ್ಪ್ಯಾನರ್_ಹತ್ತು

ಗಟ್ಟಿ ನೆಲ, ಹುಲ್ಲು ಮುಗಿಯುವಲ್ಲಿ ನಿಲ್ಲಿಸಿ. ದಡದ ಮೇಲೆ ಓಡಿಸಬೇಡಿ. ಗಾಳಿಮರದ ನೆರಳು ಸಿಕ್ಕರೆ ಒಳ್ಳೆಯದು. ತೆಂಗಿನ ಮರದ ಕೆಳಗೆ ಬೇಡ, ಕಾಯಿ ಬಿದ್ದರೆ ಬಾನೆಟ್ಟು ಒಳಗೆ ಹೋಗುತ್ತದೆ, ಗಾಜಾದರೆ ಪುಡಿ.

ಸಿಕ್ಕಿಕೊಂಡರೆ: ಚಕ್ರ ಒಂದು ಸುತ್ತು ಖಾಲಿ ತಿರುಗಿದ ಕೂಡಲೇ ಆಕ್ಸಿಲರೇಟರ್ ಬಿಟ್ಟುಬಿಡಿ. ಒತ್ತುತ್ತಾ ಹೋದರೆ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಂಡು ಕಾರಿನ ಹೊಟ್ಟೆ ಮರಳಿಗೆ ಕೂರುತ್ತದೆ. ಆಮೇಲೆ ಟ್ರ್ಯಾಕ್ಟರೇ ಗತಿ. ಇಳಿದು ನೋಡಿ, ಹೊಟ್ಟೆ ತಾಗಿದ್ದರೆ ಮೊದಲು ಅಲ್ಲಿಯ ಮರಳು ತೆಗೆಯಿರಿ. ನಿಮ್ಮ ಕಾರಿನಲ್ಲಿ ಎಳೆಯುವುದು ಮುಂದಿನ ಚಕ್ರ. ಅವುಗಳ ಹಿಂದೆಯೂ ಮುಂದೆಯೂ ಇಳಿಜಾರಾಗಿ ತೋಡಿ. ಮುಂದಿನ ಟಯರುಗಳ ಗಾಳಿಯನ್ನು 18 ಪಿಎಸ್ಐಗೆ ಇಳಿಸಿ, ಟಯರ್ ಅಗಲವಾಗಿ ಕೂತು ಮರಳಿನ ಮೇಲೆ ತೇಲುತ್ತದೆ. ಚಕ್ರಕ್ಕೆ ಒತ್ತಿ ತೆಂಗಿನ ಮಡಲು ಹಾಕಿ, ಸಿಗದಿದ್ದರೆ ಕಾರಿನ ಮ್ಯಾಟು. ಸ್ಟೀರಿಂಗ್ ನೇರ. ಬಂದ ಗಾಲಿಯ ಜಾಡಿನಲ್ಲೇ ರಿವರ್ಸಿನಲ್ಲಿ, ಕ್ಲಚ್ ಮೆಲ್ಲಗೆ ಬಿಟ್ಟು ಹೊರಬನ್ನಿ. ಬಂದ ಜಾಡು ಆಗಲೇ ಒತ್ತಿ ಗಟ್ಟಿಯಾಗಿರುತ್ತದೆ, ಮುಂದಿನದು ಸಡಿಲ. ಹಿಂದೆ ಯಾರೂ ನಿಲ್ಲಬಾರದು, ಮಡಲು ಬಾಣದ ಹಾಗೆ ಹಾರುತ್ತದೆ. ಗಟ್ಟಿ ನೆಲ ಮುಟ್ಟಿದ ಮೇಲೆ ನಿಂತು ಗಾಳಿ ತುಂಬಿಸಿಯೇ ಹೊರಡಬೇಕು. ಅದಕ್ಕೆ 12 ವೋಲ್ಟಿನ ಸಣ್ಣ ಪಂಪು ಡಿಕ್ಕಿಯಲ್ಲಿರಲಿ. ಎಳೆಸುವುದಾದರೆ ಕೊಕ್ಕೆ ಸ್ಟೆಪ್ನಿಯ ಜೊತೆ ಇರುತ್ತದೆ, ಬಂಪರಿನ ಸಣ್ಣ ಮುಚ್ಚಳ ತೆಗೆದು ತಿರುಗಿಸಿ ಕೂರಿಸುವುದು. ಕೆಲವು ಕಾರುಗಳಲ್ಲಿ ಥ್ರೆಡ್ ಎಡಕ್ಕೆ ಇರುತ್ತದೆ, ಮನೆಯಲ್ಲೇ ಒಮ್ಮೆ ಹಾಕಿ ನೋಡಿ.

ಇನ್ನೆರಡು ಕರಾವಳಿಯ ತಾಪತ್ರಯ. ಬೆಳಿಗ್ಗೆ ಎಸಿ ಹಾಕಿ ಹೊರಟಾಗ ಮುಂದಿನ ಗಾಜು ಇದ್ದಕ್ಕಿದ್ದಂತೆ ಮಂಜಾದರೆ ಬೆರಳಿಟ್ಟು ನೋಡಿ. ಒಳಗೆ ಒರೆಸಿದರೂ ಹೋಗದಿದ್ದರೆ ಮಂಜು ಹೊರಗಿನದು: ತಣ್ಣಗಿನ ಗಾಜಿಗೆ ಹೊರಗಿನ ತೇವ ಕೂತಿದೆ. ವೈಪರ್ ಒಮ್ಮೆ ಹಾಕಿ, ಎಸಿಯ ಗಾಳಿ ಗಾಜಿಗೆ ಬೀಳದಂತೆ ತಿರುಗಿಸಿ, ಎರಡು ಡಿಗ್ರಿ ಏರಿಸಿ. ಡ್ಯಾಶ್‌ಬೋರ್ಡಿನ ಮೇಲಿಟ್ಟ ಮೊಬೈಲ್ ಬಿಸಿಲಿಗೆ ಕಾದು ಚಾರ್ಜಿಂಗ್ ನಿಂತು ಮ್ಯಾಪ್ ಆರಿಹೋಗುತ್ತದೆ. ಸ್ಟ್ಯಾಂಡನ್ನು ಎಸಿ ಕಿಂಡಿಯ ಎದುರಿಗೆ ಹಾಕಿ.

ತುಳುನಾಡ್_ಸ್ಟೀರಿಂಗ್

ವಾಪಸ್ ದಾರಿ: ಹೊನ್ನಾವರ, ಗೇರುಸೊಪ್ಪ, ಸಾಗರ, ಶಿವಮೊಗ್ಗ, ತರೀಕೆರೆ, ಅರಸೀಕೆರೆ, ತಿಪಟೂರು, ತುಮಕೂರು. ಫೆಬ್ರುವರಿಯಲ್ಲಿ ಜೋಗದಲ್ಲಿ ನೀರು ತೀರಾ ಕಡಿಮೆ, ಎರಡು ತಾಸು ಅದಕ್ಕೆ ಕೊಡಬೇಡಿ, ಸಾಗರದಲ್ಲಿ ತಿಂಡಿ ತಿಂದು ಮುಂದೆ ಹೋಗಿ. ಮಳೆಗಾಲದಲ್ಲಿ ಓದುವವರಿಗೆ ಬೇರೆ ಮಾತು: ಆಗ ಈ ಘಟ್ಟಗಳೆಲ್ಲ ಗುಡ್ಡ ಕುಸಿತಕ್ಕೆ ಮುಚ್ಚುತ್ತಿರುತ್ತವೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೇ ಗುಡ್ಡ ಬಿದ್ದು ಚಾ ಅಂಗಡಿಯಲ್ಲಿ ಇದ್ದವರು, ಲಾರಿ ಎಲ್ಲ ಹೋಯಿತು. ರೆಡ್ ಅಲರ್ಟ್ ಇದ್ದ ದಿನ ಕಡಿದ ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಬೇಡಿ, ಚಾಗೂ ಬೇಡ.

ಬೆಂಗಳೂರಿನಿಂದ ಕಾರು ಬೇಡ, ಆದರೆ ಕರಾವಳಿಯಲ್ಲಿ ಡ್ರೈವ್ ಬೇಕು ಅನ್ನುವವರು ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿ ಬೆಳಗಿನ ಜಾವ ಉಡುಪಿಯಲ್ಲಿ ಇಳಿದು, ಅಲ್ಲಿ ಕಾರು ಬಾಡಿಗೆಗೆ ತೆಗೆದುಕೊಳ್ಳಬಹುದು. ಘಟ್ಟದ ಎರಡು ದಿನ ಉಳಿಯುತ್ತದೆ.

ಬಯಲುಸೀಮೆ_ಜೋಡಿ

ಎಲ್ಲರಿಗೂ ಧನ್ಯವಾದ. ಒಂದೇ ಪ್ರಶ್ನೆ ಉಳಿದಿದೆ. ಮನೆಗೆ ಬಂದ ಮೇಲೆ ಕಾರಿಗೆ ಏನಾದ್ರೂ ಮಾಡಿಸಬೇಕಾ, ಬರೀ ತೊಳೆದ್ರೆ ಸಾಕಾ?

ಸ್ಪ್ಯಾನರ್_ಹತ್ತು

ತೊಳೆದರೆ ಸಾಕು, ಆದರೆ ಕೆಳಗಿನಿಂದ. ಮೂರ್ನಾಲ್ಕು ದಿನದ ಒಳಗೆ ಕಾರನ್ನು ಲಿಫ್ಟಿಗೆ ಹಾಕಿಸಿ ಸಿಹಿನೀರಿನ ಪ್ರೆಷರಿನಲ್ಲಿ ಚಕ್ರದ ಒಳಗೋಡೆ, ಸಸ್ಪೆನ್ಷನ್ ತೋಳುಗಳು, ಸೈಲೆನ್ಸರ್ ಜೋಡಣೆ, ಬಾಗಿಲ ಕೆಳಗಿನ ಅಂಚು ತೊಳೆಸಿ. ಬಾಗಿಲ ಕೆಳಗಿನ ಸಣ್ಣ ನೀರುಕಿಂಡಿಗಳಲ್ಲಿ ಮರಳು ಕೂತಿದ್ದರೆ ಕಡ್ಡಿ ಹಾಕಿ ಬಿಡಿಸಿ, ಇಲ್ಲದಿದ್ದರೆ ಮುಂದಿನ ಮಳೆಯ ನೀರು ಒಳಗೇ ನಿಂತು ತುಕ್ಕು ಹಿಡಿಯುತ್ತದೆ. ರೇಡಿಯೇಟರಿಗೆ ಪ್ರೆಷರ್ ಬಿಡಿಸಬೇಡಿ, ಅದರ ತೆಳು ಎಲೆಗಳು ಮಡಚಿಹೋಗುತ್ತವೆ, ಬರೀ ಪೈಪಿನ ನೀರು ಸಾಕು. ಮ್ಯಾಟಿನ ಕೆಳಗಿನ ಮರಳನ್ನು ಒಣಗಿದ ಮೇಲೆ ವ್ಯಾಕ್ಯೂಮಿನಲ್ಲಿ ತೆಗೆಯಿರಿ. ಕ್ಲಚ್ ಪೆಡಲಿನ ಬುಡದಲ್ಲಿ ಉಳಿದದ್ದನ್ನು ಬ್ರಷ್ಷಿನಲ್ಲಿ ಬಿಡಿಸಿ.